ಹೊಸ್ತಿಲಲ್ಲಿ ಚೆಲ್ಲಿದ ಉಪ್ಪು

ಕೀರ್ತಿ ಎಂ.ಎ.ಗೆ ಓದುತ್ತಿದ್ದ ಒಂದು ವಿಷಯದ ಹೆಸರು 'ಪೂರ್ವ ಏಷ್ಯಾದ ಸಿನಿಮಾ ಮತ್ತು ಕಲೆ: ಸಾಂಸ್ಕೃತಿಕ ಸಂದರ್ಭ'. ಪಾಠ ಮಾಡುತ್ತಿದ್ದವರು ವಿಶ್ವನಾಥ್. ಎರಡು ವರ್ಷ ಜಪಾನಿನಲ್ಲಿದ್ದು ಬಂದವರು. ಮೆಲುದನಿಯವರು, ತರಗತಿಯಲ್ಲಿ ಯಾರೂ ಅವರಿಗೆ ಎದುರಾಡುತ್ತಿರಲಿಲ್ಲ.

ಜನವರಿಯಲ್ಲಿ ಅವರು ಹಳೆಯದೊಂದು ಕಪ್ಪುಬಿಳುಪು ಜಪಾನಿ ಚಿತ್ರ ತೋರಿಸಿದರು. ನಗಾರಿ ಮಾಡುವವನೊಬ್ಬನ ಕಥೆ. ತಾನೇ ಚರ್ಮ ಬಿಗಿದ ನಗಾರಿಯನ್ನು ಅವನು ಬೆನ್ನ ಮೇಲೆ ಹೊತ್ತು ತಂದು, ಗುಡಿಯ ಹೊಸ್ತಿಲ ಹೊರಗೇ ಇಳಿಸಿ, ತಲೆ ಬಗ್ಗಿಸಿ ಹಿಂದೆ ಸರಿಯುತ್ತಾನೆ. ಅವನು ನಿಂತಿದ್ದ ಕಲ್ಲಿನ ಮೇಲೆ ಪೂಜಾರಿ ಒಂದು ಹಿಡಿ ಉಪ್ಪು ಎರಚುತ್ತಾನೆ. ಯಾರೂ ಏನೂ ಮಾತಾಡುವುದಿಲ್ಲ.

ವಿಶ್ವನಾಥ್ ಚಿತ್ರವನ್ನು ಅಲ್ಲೇ ನಿಲ್ಲಿಸಿದರು. "ಕಪ್ಪು ಕಲ್ಲು, ಬಿಳಿ ಉಪ್ಪು. ಈ ಮೌನ ನೋಡಿ. ಶೂನ್ಯದ ಸೌಂದರ್ಯ ಅಂದರೆ ಇದೇ."

"ಉಪ್ಪು ಯಾಕೆ ಎರಚಿದ್ರು ಸರ್?" ಎಂದು ಕೀರ್ತಿ ಕೇಳಿದಳು.

"ಶುದ್ಧೀಕರಣ. ಅದು ಅವರ ಸಂಪ್ರದಾಯ."

"ಏನನ್ನ ಶುದ್ಧ ಮಾಡೋಕೆ?"

"ಮೊದಲು ನೋಡೋದನ್ನ ಕಲೀರಿ. ಪ್ರಶ್ನೆ ಆಮೇಲೆ." ಕೆಲವರು ನಕ್ಕರು.

ಅಶೋಕಪುರಂನ ಮನೆಯಲ್ಲಿ ಅವಳ ತಾತ ಸಿದ್ದಪ್ಪಾಜಿ ಇದ್ದರು. ಪ್ರಾಯದಲ್ಲಿ ನಂಜನಗೂಡಿನ ಕಡೆ ತಮಟೆ ಕಟ್ಟುತ್ತಿದ್ದವರು. ಬೌದ್ಧ ದೀಕ್ಷೆ ತೆಗೆದುಕೊಂಡ ದಿನ ಆ ಕೆಲಸ ಬಿಟ್ಟವರು. ಭಾನುವಾರ ಕೀರ್ತಿ ಲ್ಯಾಪ್‌ಟಾಪಿನಲ್ಲಿ ಅವರಿಗೆ ಆ ಚಿತ್ರ ಹಾಕಿದಳು. ತೊಗಲು ಹೆರೆಯುವ ದೃಶ್ಯ ಬಂದಾಗ ತಾತ, "ಇವ್ನ ಕೈ ಪಳಗಿಲ್ಲ ಬುಡು" ಎಂದು ನಕ್ಕರು. ಉಪ್ಪು ಬಿದ್ದ ಕೂಡಲೇ ಅವರ ನಗು ನಿಂತಿತು.

"ನಮ್ಮ ಹಿಂದೆ ಗಂಜಲ ಎರಚೋರು. ಇವ್ರು ಉಪ್ಪು ಎರಚ್ತಾರೆ. ಅಷ್ಟೇ ಕಣವ್ವ." ಪರದೆಯತ್ತ ಬೆರಳು ತೋರಿಸಿ ಮತ್ತೆ ಹೇಳಿದರು: "ದೇವ್ರಿಗೆ ಸದ್ದು ಬೇಕು, ಕಟ್ಟಿದ ಕೈ ಬ್ಯಾಡ. ಇದ ತೋರ್ಸಕ್ಕೆ ನನ್ನ ಕೂರಿಸ್ಕೊಂಡ್ಯಾ? ಆರ್ಸು."

ಅವಳು ಒಂದು ತಿಂಗಳು ಗ್ರಂಥಾಲಯದಲ್ಲಿ ಕುಳಿತು ಓದಿದಳು. ಜಪಾನಿನಲ್ಲಿ ತೊಗಲು ಹದ ಮಾಡುವವರನ್ನು ಶತಮಾನಗಟ್ಟಲೆ ಊರಾಚೆ ಇಟ್ಟಿದ್ದರು. ಕಾನೂನು ಬದಲಾದ ಮೇಲೂ ಅವರ ಕೇರಿಯ ವಿಳಾಸ ನೋಡಿ ಕೆಲಸ ಕೊಡುತ್ತಿರಲಿಲ್ಲ, ಹೆಣ್ಣು ಕೊಡುತ್ತಿರಲಿಲ್ಲ. ಕೀರ್ತಿ ಇಪ್ಪತ್ತೆರಡು ಪುಟ ಬರೆದಳು. ತಾತನ ಮಾತನ್ನು ಅವರ ಹೆಸರಿನ ಸಮೇತ ಮೊದಲ ಪುಟದಲ್ಲೇ ಹಾಕಿದಳು.

ಪ್ರಬಂಧ ಸಿ ದರ್ಜೆಯೊಂದಿಗೆ ವಾಪಸು ಬಂತು. ಅಂಚಿನಲ್ಲಿ ವಿಶ್ವನಾಥರ ಅಕ್ಷರ: 'ನಿಮ್ಮ ಊರಿನ ಜಾತಿಯನ್ನು ಜಪಾನಿನ ಮೇಲೆ ಹೇರಬೇಡಿ. ಇದು ಕಲೆಯ ಓದಲ್ಲ, ದೂರು.'

ಸಂದರ್ಭ ಎಂದು ವಿಷಯದ ಹೆಸರಲ್ಲೇ ಇಟ್ಟುಕೊಂಡವರು ಸಂದರ್ಭ ತಂದಿಟ್ಟರೆ ದೂರು ಅನ್ನುತ್ತಾರೆ. ಅವಳಿಗೆ ಮೈ ಉರಿಯಿತು. ಆದರೂ ಇನ್ನೊಂದು ಸೆಮಿಸ್ಟರ್ ಅವರ ಕೈಯಲ್ಲೇ ಇತ್ತು. ಹಲ್ಲು ಕಚ್ಚಿಕೊಂಡು ಸುಮ್ಮನಾದಳು.

ಏಪ್ರಿಲ್‌ನಲ್ಲಿ ಗೋಕುಲಂನ ಮನೆಯೊಂದರ ಮಹಡಿಯಲ್ಲಿ ಅದೇ ಚಿತ್ರದ ಪ್ರದರ್ಶನ, ವಿಶ್ವನಾಥರ ಉಪನ್ಯಾಸ ಇತ್ತು. ಯೋಗ ಕಲಿಯಲು ಬಂದ ವಿದೇಶಿಯರು, ಊರಿನ ಸಿನಿಮಾ ಆಸಕ್ತರು ಸೇರಿ ಐವತ್ತು ಜನ. ಕೀರ್ತಿ ಹಿಂದಿನ ಸಾಲಿನಲ್ಲಿ ಕುಳಿತಳು. ಚಿತ್ರ ಮುಗಿದ ಮೇಲೆ ವಿಶ್ವನಾಥ್ ಇಂಗ್ಲಿಷಿನಲ್ಲಿ ಮಾತಾಡಿದರು. ಉಪ್ಪಿನ ದೃಶ್ಯವನ್ನು ಸುಂದರ ಅನ್ನುವುದೇ ಕುರುಡು ಎಂದರು. ಅದು ಅವಳ ನಾಲ್ಕನೇ ಪುಟ. ವಿಳಾಸದ ಮಾತು ಬಂತು, ಒಂಬತ್ತನೇ ಪುಟ. ಆಮೇಲೆ ದನಿ ತಗ್ಗಿಸಿ ಹೇಳಿದರು: "ಹಳ್ಳಿಯ ಒಬ್ಬ ಮುದುಕ ಒಮ್ಮೆ ನನಗೆ ಹೇಳಿದ. ದೇವರಿಗೆ ಸದ್ದು ಬೇಕು, ಕಟ್ಟಿದ ಕೈ ಬೇಡ."

ಜನ ಚಪ್ಪಾಳೆ ತಟ್ಟಿದರು. ಕೀರ್ತಿ ಎದ್ದು ನಿಂತಳು. ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ಸರ್, ಆ ಮುದುಕನ ಹೆಸರೇನು?"

ವಿಶ್ವನಾಥ್ ಕಣ್ಣು ಕಿರಿದು ಮಾಡಿ ನೋಡಿ ಗುರುತು ಹಿಡಿದರು. "ಪ್ರಶ್ನೋತ್ತರ ಆಮೇಲಿದೆಯಮ್ಮ."

"ಚಿಕ್ಕ ಪ್ರಶ್ನೆ ಸರ್. ನೀವೇ ಮಾತಾಡಿಸಿದೀರಲ್ಲ. ಹೆಸರೇನು, ಯಾವ ಊರು?"

ಅವರು ನೀರಿನ ಲೋಟ ಎತ್ತಿಕೊಂಡರು.

"ನಾನು ಹೇಳ್ತೀನಿ. ಸಿದ್ದಪ್ಪಾಜಿ. ನನ್ನ ತಾತ. ನೀವು ಅವರನ್ನ ನೋಡೇ ಇಲ್ಲ. ನನ್ನ ಪ್ರಬಂಧದಲ್ಲಿ ಓದಿ, ಸಿ ಕೊಟ್ಟು, ಇದು ದೂರು ಅಂತ ಬರೆದ್ರಿ." ಇಷ್ಟನ್ನೂ ಅವಳು ಮತ್ತೊಮ್ಮೆ ಇಂಗ್ಲಿಷಿನಲ್ಲಿ ಹೇಳಿ, ಪ್ರಬಂಧದ ಪ್ರತಿಯನ್ನು ಅವರ ಮೇಜಿನ ಮೇಲಿಟ್ಟು ಇಳಿದು ಬಂದಳು. ಮೆಟ್ಟಿಲಲ್ಲಿ ಅಳು ಬಂತು. ಅಳುತ್ತಿದ್ದೇನೆಂದು ಇನ್ನಷ್ಟು ಸಿಟ್ಟು ಬಂತು.

ಸೋಮವಾರ ಲಿಖಿತ ದೂರು ಕೊಟ್ಟಳು. ವಿಭಾಗದ ಮುಖ್ಯಸ್ಥೆ ಪ್ರೇಮಲೀಲಾ ಅವಳನ್ನು ಕರೆಸಿ ಕಾಫಿ ತರಿಸಿದರು. "ಒಳಗೇ ಮುಗಿಸೋಣ ಕಣಮ್ಮ. ವಿಶ್ವನಾಥ್ ಈ ವಿಷಯದಲ್ಲಿ ಒಂದು ಜರ್ನಲ್‌ಗೆ ಲೇಖನ ಕಳಿಸಿದ್ದಾರೆ. ನಿನ್ನ ಹೆಸರೂ ಸೇರಿಸ್ತಾರಂತೆ."

"ನನ್ನ ಹೆಸರು ಸೇರಿಸೋದು ಬೇಡ ಮೇಡಂ. ಅವರು ತಮ್ಮ ಹೆಸರು ತೆಗೀಲಿ."

ಪ್ರೇಮಲೀಲಾ ಪ್ರಬಂಧ, ಲೇಖನ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರು. ತೀರ್ಮಾನಕ್ಕೆ ಎರಡು ತಿಂಗಳು ಹಿಡಿಯಿತು. ಲೇಖನ ವಾಪಸಾಯಿತು, ಹೊರಗಿನ ಪರೀಕ್ಷಕರು ಪ್ರಬಂಧಕ್ಕೆ ಎ ಕೊಟ್ಟರು. 'ಅಚಾತುರ್ಯದಿಂದ ಆದದ್ದು' ಎಂದು ವಿಶ್ವನಾಥ್ ಒಂದು ಸಾಲಿನ ಪತ್ರ ಬರೆದರು. ಪಾಠ ಮಾಡುವುದನ್ನು ಅವರೇನೂ ನಿಲ್ಲಿಸಲಿಲ್ಲ. ಕಾರಿಡಾರಿನಲ್ಲಿ ಎದುರಾದರೆ ಮೊಬೈಲು ನೋಡುತ್ತಾ ದಾಟಿಹೋಗುತ್ತಾರೆ. ಕೀರ್ತಿಯ ಸಿಟ್ಟು ಇಳಿಯಲಿಲ್ಲ.

ಪತ್ರ ಬಂದ ಸಂಜೆ ತಾತ ಕೇಳಿದರು, "ಆ ದೇಸದ ನಮ್ಮೋರು ಸುಮ್ಕೇ ಇದ್ಬುಟ್ರಾ?"

"ಇಲ್ಲ ತಾತ. ಎಲ್ಲ ಸೇರಿ ಸಂಘ ಕಟ್ಟಿದ್ರು. ನಾವೂ ಮನುಷ್ಯರೇ ಅಂತ ಘೋಷಣೆ ಹೊರಡಿಸಿದ್ರು. ಸಾವಿರದ ಒಂಬೈನೂರ ಇಪ್ಪತ್ತೆರಡರಲ್ಲಿ."

ತಾತ ಬೆರಳು ಮಡಿಸಿ ಎಣಿಸಿದರು. "ಬಾಬಾಸಾಹೇಬ್ರು ಕೆರೆ ನೀರು ಮುಟ್ಟಿದ್ದು ಇಪ್ಪತ್ತೇಳು. ಐದು ವರ್ಸ ಮುಂಚೆ ಅನ್ನು." ಗೋಡೆಗೆ ಒರಗಿ ನೆಟ್ಟಗೆ ಕೂತರು. "ಎಂಗೆ ಕಟ್ಟಿದ್ರು? ಮೊದ್ಲಿಂದ ಯೋಳು."