ಸಕ್ಕರೆಯಲ್ಲದ ಆನೆ

ಇದನ್ನು ಹೇಳಲು ಹೊರಟದ್ದಕ್ಕೆ ಓದುವವರು ಮೊದಲು ಕ್ಷಮಿಸಬೇಕು. ಹಲ್ಲಿನ ವಿಷಯ ಬಲ್ಲವರು ಬೇರೆ ಇದ್ದಾರೆ, ಸಕ್ಕರೆ ಪಾಕದ ವಿಷಯ ಬಲ್ಲವರೂ ಬೇರೆ ಇದ್ದಾರೆ. ಎರಡನ್ನೂ ಅರ್ಧಂಬರ್ಧ ತಿಳಿದು ಒಂದು ಮನೆಯ ಜಗಳವನ್ನು ನಾಲ್ಕು ಜನರ ಮುಂದೆ ಇಡುವುದು ಸರಿಯೋ ತಪ್ಪೋ ಎಂಬ ಅಳುಕು ಇನ್ನೂ ಹೋಗಿಲ್ಲ. ಆದರೂ ಹೇಳದೆ ಬಿಟ್ಟರೆ ಬಸವೇಶ್ವರಿಗೆ ಅನ್ಯಾಯವಾದೀತು ಅನ್ನಿಸಿತು.

ಸಂಕ್ರಾಂತಿ ಕಳೆದು ಹತ್ತು ದಿನಕ್ಕೆ, ಇಳಕಲ್ಲಿನಿಂದ ಹುನಗುಂದಕ್ಕೆ ಹೊರಟ ಬಸ್ಸಿನಲ್ಲಿ ಅವಳು ಒಂದು ಸ್ಟೀಲ್ ಡಬ್ಬಿಯನ್ನು ತೊಡೆಯ ಮೇಲೆ ಒತ್ತಿ ಹಿಡಿದು ಕೂತಿದ್ದಳು. ಡಬ್ಬಿಯೊಳಗೆ ಬಿಳಿ ಆನೆ ಗೊಂಬೆಯ ಹಿಂಭಾಗ ಇತ್ತು, ಸೊಂಡಿಲೂ ತಲೆಯೂ ಆಗಲೇ ಖರ್ಚಾಗಿದ್ದವು. ಪಕ್ಕದ ಹೆಂಗಸು ಯಾವೂರು ಎಂದು ಎರಡು ಸಲ ಕೇಳಿದಳು. ಬಸವೇಶ್ವರಿ ಕಿಟಕಿಯತ್ತ ತಿರುಗಿದಳು. ಬಾಯಿ ತೆರೆದರೆ ಬೈಗುಳವೇ ಹೊರಬೀಳುತ್ತದೆ ಎಂದು ಗೊತ್ತಿತ್ತು.

ಅವಳು ಒಂಬತ್ತು ವರ್ಷಗಳಿಂದ ಡಾಕ್ಟರ್ ಸುನೀಲಕುಮಾರರ ಹಲ್ಲಿನ ದವಾಖಾನೆಯಲ್ಲಿ ಕೆಲಸಕ್ಕಿದ್ದಳು. ಚೀಟಿ ಬರೆಯುವುದು, ಸಾಮಾನು ತೊಳೆದು ಕುದಿಸುವುದು, ಹಲ್ಲು ಕೀಳುವಾಗ ಮಕ್ಕಳ ತಲೆಯನ್ನು ಅಲುಗದಂತೆ ಹಿಡಿಯುವುದು ಅವಳ ಕೆಲಸ. ಹೋದ ವರ್ಷ ಹಾಗೆ ತನ್ನ ಮಗಳ ತಲೆಯನ್ನೇ ಹಿಡಿಯಬೇಕಾಯಿತು. ಗೀತಾಂಜಲಿಯ ಎರಡು ಹಾಲುಹಲ್ಲು ಬುಡದವರೆಗೂ ಕೊಳೆತಿದ್ದವು. ಹೊರಗೆ ಕೂತಿದ್ದವರಲ್ಲಿ ಒಬ್ಬಳು, ಹಲ್ಲಿನ ದವಾಖಾನೆಯವರ ಮನೆಯಲ್ಲೇ ಹೀಗಾದರೆ ನಮ್ಮ ಗತಿಯೇನು ಎಂದದ್ದು ಬಾಗಿಲ ಸಂದಿನಿಂದ ಅವಳ ಕಿವಿಗೆ ಬಿದ್ದಿತ್ತು.

ಹುಡುಗಿಗೆ ಆರು ತುಂಬಿದಾಗ ಹಾಲುಹಲ್ಲುಗಳ ಹಿಂದೆ ಹೊಸ ದವಡೆ ಹಲ್ಲು ಮೂಡಿತು. ಡಾಕ್ಟರು ಕನ್ನಡಿ ಹಿಡಿದು ತೋರಿಸಿ ಅಂದರು: "ಇದು ಹಾಲುಹಲ್ಲು ಅಲ್ಲ, ನೋಡು. ಇದು ಹೋದ್ರ ಮತ್ತ ಬರೂದಿಲ್ಲ. ಸಾಯೂತನಕ ಇದರಾಗ ರೊಟ್ಟಿ ತಿನ್ನಬೇಕು."

ಅಂದಿನಿಂದ ಬಸವೇಶ್ವರಿಗೆ ಆ ಒಂದು ಹಲ್ಲಿನದೇ ಚಿಂತೆ. ದಿನಾ ಟಾರ್ಚು ಬಿಟ್ಟು ನೋಡುವಳು. ಮನೆಯಲ್ಲಿ ಪೆಪ್ಪರಮಿಂಟು ಬಂದ್ ಆಯಿತು, ಚಹಾದಲ್ಲಿ ಅದ್ದಿದ ಬಿಸ್ಕೀಟು ಬಂದ್ ಆಯಿತು. ಅತ್ತೆ ಗುರುಲಿಂಗವ್ವ ಇದನ್ನೆಲ್ಲ ನುಂಗಿಕೊಂಡಳು. ಆದರೆ ಗೌರಿ ಹುಣ್ಣಿಮೆ ಹತ್ತಿರ ಬಂದಾಗ ಕಟ್ಟಿಯ ಮೇಲೆ ಕೂತು ಖಡಾಖಂಡಿತವಾಗಿ ಹೇಳಿದಳು, ಈ ಮನೆಯ ಹುಡುಗಿ ಖಾಲಿ ತಾಟು ಹಿಡಿದು ಗುಡಿಗೆ ಹೋಗುವುದಿಲ್ಲ ಎಂದು.

ಈ ಕಡೆ ಗೌರಿ ಹುಣ್ಣಿಮೆಗೆ ಹೆಣ್ಣುಮಕ್ಕಳು ಸಕ್ಕರೆ ಗೊಂಬೆಗಳ ಆರತಿ ಹಿಡಿಯುತ್ತಾರೆ. ಆನೆ, ಒಂಟೆ, ತೇರು, ಕಳಸ. ಗುಡಿಯಿಂದ ಬಂದ ಮೇಲೆ ಆ ಗೊಂಬೆಗಳು ಡಬ್ಬಿ ಸೇರಿ, ಎರಡು ತಿಂಗಳವರೆಗೆ ಚೂರುಚೂರಾಗಿ ಮಕ್ಕಳ ಬಾಯಿ ಸೇರುತ್ತವೆ. ಬಸವೇಶ್ವರಿಗೆ ಆ ಡಬ್ಬಿಯ ಭಯ.

ದಾರಿ ತೋರಿದವರೂ ಡಾಕ್ಟರೇ. ಕ್ಸೈಲಿಟಾಲ್ ಎಂಬ ಪುಡಿ ಇದೆ, ಗೊಂಜಾಳದ, ಅಂದರೆ ಮೆಕ್ಕೆಜೋಳದ, ಕಾಳು ಬಿಡಿಸಿ ನಾವು ಒಲೆಗೆ ಹಾಕುವ ಬೆಂಡಿನಿಂದಲೂ ಅದನ್ನು ತೆಗೆಯುತ್ತಾರೆ ಅಂದರು. ರುಚಿಗೆ ಸಕ್ಕರೆಯಂತೆಯೇ ಇದ್ದರೂ ಹಲ್ಲು ಕೊರೆಯುವ ಹುಳಕ್ಕೆ ಅದರಿಂದ ಹುಳಿ ಮಾಡಿಕೊಳ್ಳಲು ಬರುವುದಿಲ್ಲವಂತೆ. ಬಾಯಲ್ಲಿ ನೀರೂರಿಸುತ್ತದೆ, ಅದೂ ಹಲ್ಲಿಗೆ ಒಳ್ಳೆಯದೇ. ನಾಲಿಗೆಗೆ ಇಟ್ಟರೆ ತಣ್ಣಗೆ ಹತ್ತುತ್ತದೆ. ಮಕ್ಕಳಿಗೆ ಚೂರೇ ಕೊಡಬೇಕು, ಜಾಸ್ತಿಯಾದರೆ ಹೊಟ್ಟೆ ಕೆಟ್ಟು ಓಡಾಡಿಸುತ್ತದೆ ಎಂದು ಎಚ್ಚರಿಕೆಯನ್ನೂ ಕೊಟ್ಟರು. ಬಸವೇಶ್ವರಿ ಎರಡು ಕಿಲೋ ತರಿಸಿ, ಹುನಗುಂದದಲ್ಲಿ ತಲೆತಲಾಂತರದಿಂದ ಗೊಂಬೆ ಹೊಯ್ಯುವ ಪಾಂಡಪ್ಪನಿಗೆ ಕೊಟ್ಟು, ಇದರಲ್ಲೇ ಮಾಡಬೇಕು, ಒಂದು ಚಿಟಿಕೆ ಸಕ್ಕರೆ ಬೀಳಬಾರದು ಎಂದು ಹೇಳಿ ಬಂದಿದ್ದಳು.

ಗೊಂಬೆಗಳು ಹಾಲಿನಂತೆ ಬೆಳ್ಳಗೆ ಬಂದವು. ಆನೆಯ ಬಾಲದ ಕೂದಲು ಕೂಡ ಎದ್ದು ಕಾಣುತ್ತಿತ್ತು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅತ್ತೆ ಮೊದಲ ಸಲ ನಾಲ್ಕು ಜನರ ಮುಂದೆ ನಮ್ಮ ಸೊಸಿ ತಂದದ್ದು ಅಂದಳು. ಬಸವೇಶ್ವರಿ ಹಿಗ್ಗಿ, ನೂಲು ಸುತ್ತುವ ಎದುರುಮನೆಯ ಕಾಸಿಂಬಿಯ ಮೊಮ್ಮಕ್ಕಳಿಗೂ ಒಂದು ಒಂಟೆ ಕೊಟ್ಟಳು, ಹೆದರಬ್ಯಾಡ, ಇದು ಹಲ್ಲಿಗೆ ಔಷಧ ಅಂದಳು. ಅಷ್ಟಕ್ಕೇ ನಿಲ್ಲಲಿಲ್ಲ. ದಿನಾ ರಾತ್ರಿ ಮಗಳ ಹಲ್ಲು ತಿಕ್ಕಿಸಿದ ಮೇಲೆ, ಮಲಗುವ ಮುಂಚೆ, ತಾನೇ ಕೈಯಾರೆ ಒಂದು ಚೂರು ಬಾಯಿಗಿಟ್ಟಳು. ಎರಡು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ.

ಸಂಕ್ರಾಂತಿ ಮುಗಿದ ಮೇಲೆ ಟಾರ್ಚಿನ ಬೆಳಕಿನಲ್ಲಿ ಆ ಹೊಸ ಹಲ್ಲಿನ ನಡುವೆ ಕರಿ ಚುಕ್ಕೆ ಕಂಡಿತು. ಡಾಕ್ಟರು ಸೂಜಿಯ ಮೊನೆ ಇಟ್ಟು ನೋಡಿದರು, ಮೊನೆ ಒಳಗೆ ಸಿಕ್ಕಿಕೊಂಡಿತು.

ಮನೆಗೆ ಬಂದವಳೇ ಅತ್ತೆಯ ಮೇಲೆ ಹರಿಹಾಯ್ದಳು. ಕುಸುರೆಳ್ಳು ಕೊಟ್ಟವರು ನೀವೇ, ಬೆಲ್ಲ ಕೊಟ್ಟವರು ನೀವೇ, ನನ್ನ ಬೆನ್ನ ಹಿಂದೆ ಕೂಸಿನ ಬಾಯಿ ಕೆಡಿಸಿದವರು ನೀವೇ ಎಂದು ಓಣಿಗೆಲ್ಲ ಕೇಳುವಂತೆ ಒದರಿದಳು. ಗುರುಲಿಂಗವ್ವ ಕೊರಳಿನ ಲಿಂಗ ಮುಟ್ಟಿ ಇಲ್ಲ ಅಂದಳು. ಗೀತಾಂಜಲಿ ತಾನು ಏನೂ ಕದ್ದು ತಿಂದಿಲ್ಲ ಎಂದು ಅತ್ತಾಗ ಬಸವೇಶ್ವರಿ ಅವಳ ಬೆನ್ನಿಗೂ ಎರಡು ಬಿಟ್ಟಳು. ನಾಲ್ಕು ದಿನ ಅತ್ತೆ ಸೊಸೆಯ ಕೈಯಡುಗೆ ಮುಟ್ಟಲಿಲ್ಲ, ತಾನೇ ಎರಡು ರೊಟ್ಟಿ ಬಡಿದುಕೊಂಡು ಪಡಸಾಲೆಯ ಮೂಲೆಯಲ್ಲಿ ತಿಂದಳು.

ಐದನೇ ದಿನ ಡಾಕ್ಟರು ಕೈ ತೊಳೆಯುತ್ತ ಸುಮ್ಮನೆ ಒಂದು ಮಾತು ಕೇಳಿದರು. ಹುಣ್ಣಿಮೆಯ ದಿನ ಹುಡುಗಿ ಇಡೀ ಕಳಸ ತಿಂದಳು ಅಂದೆಯಲ್ಲ, ಹೊಟ್ಟೆ ಕೆಡಲಿಲ್ಲವೇ? ಕೆಟ್ಟಿರಲಿಲ್ಲ. ಕಾಸಿಂಬಿಯ ಮೊಮ್ಮಕ್ಕಳು ಒಂಟೆಯನ್ನು ಒಂದೇ ದಿನದಲ್ಲಿ ಮುಗಿಸಿದ್ದರು, ಅವರಿಗೂ ಏನೂ ಆಗಿರಲಿಲ್ಲ. ಬಸವೇಶ್ವರಿ ಮನೆಗೆ ಓಡಿ ಡಬ್ಬಿ ತೆರೆದು ಆನೆಯ ಚೂರನ್ನು ನಾಲಿಗೆಗೆ ಇಟ್ಟುಕೊಂಡಳು. ತಣ್ಣಗೆ ಹತ್ತಲಿಲ್ಲ. ಬರೀ ಸಕ್ಕರೆ.

ಅವಳು ಬಸ್ಸಿಳಿದು ಹೋದಾಗ ಪಾಂಡಪ್ಪ ಅಂಗಳದಲ್ಲಿ ಸಾಗವಾನಿ ಅಚ್ಚುಗಳನ್ನು ತೊಳೆದು ಬಿಸಿಲಿಗೆ ಇಡುತ್ತಿದ್ದ. ಅವಳು ಡಬ್ಬಿಯನ್ನು ಅವನ ಕಾಲ ಬಳಿ ಕುಕ್ಕಿದಳು.

"ಇದೇನ್ ಕಾಕಾ?"

"ಆನಿ," ಅಂದ ಅವನು. "ಅರ್ಧಾ ಆನಿ."

"ಚಾಷ್ಟಿ ಮಾಡಬ್ಯಾಡ್ರಿ. ನಾ ಕೊಟ್ಟ ಪುಡಿ ಎಲ್ಲಿ ಹೋತು? ಯಾರಿಗಿ ಮಾರಿದ್ರಿ?"

ಪಾಂಡಪ್ಪನ ಮುಖ ಗಂಟಾಯಿತು. ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಡಬರಿ ತಂದು ಅವಳ ಮುಂದೆ ಇಟ್ಟ. ಅದರಲ್ಲಿ ಉಳಿದ ಒಂದೂವರೆ ಕಿಲೋ ಪುಡಿ, ಚೀಲದ ಬಾಯಿ ಕಟ್ಟಿ ಇಟ್ಟದ್ದು ಹಾಗೇ ಇತ್ತು.

"ಮೂರ ಸಲ ಹೊಯ್ದೇನಿ, ಯವ್ವಾ. ಸಕ್ರಿ ಪಾಕ ಅಚ್ಚಿಗಿ ಬಿದ್ದ ಕೂಡ್ಲೆ ಕಟ್ಟತೈತಿ. ಇದು ತಾಸಾದ್ರೂ ಅಂಟಂಟ. ಅಚ್ಚ ಬಿಚ್ಚಿದ್ರ ಆನಿ ಸೊಂಡಿ ಕಳಚಿ ಕೈಗಿ ಬಂತು, ಕಳಸದ ತುದಿ ಮುಕ್ಕಾತು. ಮುಕ್ಕಾದ್ದನ್ನ ಗೌರಮ್ಮನ ಮುಂದ ಬೆಳಗಬಾರ್ದು. ಕೂಸಿನ ಕೈಗಿ ಅಂಥಾದ್ದು ಕೊಟ್ಟು ಕಳಿಸಿದ್ರ ನಿಮ್ಮತ್ತಿ ನನಗ ಏನಂತಿದ್ಲು? ನಮ್ಮ ಅಪ್ಪ ಅಜ್ಜ ಯಾರೂ ಮುಕ್ಕಾದ ಆರತಿ ಕೊಟ್ಟವ್ರಲ್ಲ."

"ಅದಕ್ಕ ಸಕ್ರಿ ಹಾಕಿದ್ರಿ. ನನಗ ಹೇಳದ."

"ಹಾಕಿದ್ನಿ. ಪುಡಿ ಒಂದಕ್ಕ ಸಕ್ರಿ ನಾಕು."

ಅವಳಿಗೆ ಮೈಯೆಲ್ಲ ಉರಿಯಿತು. ಆರತಿ ಮುಕ್ಕಾಗಬಾರದು, ನನ್ನ ಮಗಳ ಹಲ್ಲು ಮುಕ್ಕಾದರೆ ನಡೆಯುತ್ತದೇನು ಎಂದು ಕೇಳಿದಳು. ದಿನಾ ರಾತ್ರಿ ತಾನೇ ಬಾಯಿಗಿಟ್ಟದ್ದನ್ನು ಹೇಳಿದಳು, ಅತ್ತೆಯನ್ನು ಕಳ್ಳಿ ಮಾಡಿದ್ದನ್ನು, ಮಗಳನ್ನು ಹೊಡೆದದ್ದನ್ನು ಹೇಳಿದಳು. ಪಾಂಡಪ್ಪ ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡ. ಅವಳು ಮುಗಿಸಿದ ಮೇಲೆ ನಿಧಾನಕ್ಕೆ ಅಂದ:

"ತಪ್ಪ ನಂದು ಐತಿ, ಇಲ್ಲನ್ನೂದಿಲ್ಲ. ಖರೆ ಒಂದ ಮಾತು ಕೇಳ್ಲಿ? ಗೊಂಬಿ ಒಯ್ಯಾಕ ಬಂದ ದಿನ ನೀ ಇಲ್ಲೇ ನಿಂತು ಒಂದ ಚೂರು ಬಾಯಾಗ ಹಾಕ್ಕೊಂಡಿ. ನಾ ನಿನ್ನ ಮಾರೀನ ನೋಡಕೋತ ನಿಂತಿದ್ನಿ, ಈಗ ಬೈತಾಳ ಅಂತ. ನೀ ಒಂದ ಗಳಿಗಿ ಸುಮ್ನ ನಿಂತಿ. ಆಮ್ಯಾಲ ಆನಿ ಭಾಳ ಚಂದ ಬಂದೈತಿ ಕಾಕಾ ಅಂದಿ. ನಾ ತಿಳ್ಕೊಂಡ್ನಿ, ಇಕಿಗಿ ಗೊತ್ತಾತು, ನಡೀತೈತಿ ಅಂತಾಳ ಅಂತ."

ಬಸವೇಶ್ವರಿಗೆ ಆ ದಿನ ನೆನಪಿತ್ತು. ನಾಲಿಗೆ ತಂಪಾಗಲಿಲ್ಲವಲ್ಲ ಅಂದುಕೊಂಡದ್ದೂ ನೆನಪಿತ್ತು. ಕುದಿಸಿದ್ದಕ್ಕೆ ತಂಪು ಹೋಗಿರಬೇಕು ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಅಷ್ಟು ಚಂದದ ಆನೆ, ಅದನ್ನು ಕಂಡು ಅತ್ತೆ ಏನನ್ನಬಹುದು ಎಂಬ ಆಸೆ. ಕೇಳಬೇಕಾದ ಮಾತನ್ನು ಅಲ್ಲೇ ನುಂಗಿದ್ದಳು. ಇಡೀ ದಾರಿ ಯಾರನ್ನು ಬೈಯಬೇಕೆಂದು ಬಂದಿದ್ದಳೋ, ಅವರ ಜೊತೆಗೆ ತಪ್ಪಿನಲ್ಲಿ ತಾನೂ ನಿಂತಿದ್ದಳು. ಸಿಟ್ಟು ಅದರಿಂದ ಕಡಿಮೆಯಾಗಲಿಲ್ಲ. ಇನ್ನೂ ಹೆಚ್ಚಾಯಿತು.

ಡಬರಿಯನ್ನು ಎತ್ತಿಕೊಂಡು ಬಸ್ಸಿಗೆ ಹೊರಟಳು.

ಮನೆ ಮುಟ್ಟಿದಾಗ ಸಂಜೆ ನಾಲ್ಕು. ಗುರುಲಿಂಗವ್ವ ಕಟ್ಟಿಯ ಮೇಲೆ ಮೊಮ್ಮಗಳ ತಲೆ ಬಾಚುತ್ತಿದ್ದಳು. ಬಸವೇಶ್ವರಿ ನಿಂತಲ್ಲೇ ಎಲ್ಲವನ್ನೂ ಹೇಳಿದಳು, ತಾನು ಚೂರು ತಿಂದು ಸುಮ್ಮನಿದ್ದದ್ದನ್ನೂ ಬಿಡದೆ. ಓಣಿಗೆ ಕೇಳಲಿ ಎಂದೇ ಜೋರಾಗಿ ಹೇಳಿದಳು. ಬೈದದ್ದು ಕೇಳಿದವರಿಗೆ ಇದೂ ಕೇಳಬೇಕಿತ್ತು. ಎದುರುಮನೆಯಲ್ಲಿ ಕಾಸಿಂಬಿಯ ರಾಟಿ ನಿಂತಿತು.

ಅತ್ತೆ ಜಡೆಯನ್ನು ಕೊನೆಯವರೆಗೂ ಹೆಣೆದು ಗಂಟು ಹಾಕಿದಳು. "ನನಗೇನ್ ಹೇಳ್ತಿ," ಅಂದಳು. "ನಾ ಮುದುಕಿ, ನನಗ ರೂಢಿ ಐತಿ. ಹೊಡಿಸ್ಕೊಂಡಾಕಿ ಇಕಿ. ಇಕಿಗಿ ಹೇಳು."

ಬಸವೇಶ್ವರಿ ಮಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತು, ನೀನು ಹೇಳಿದ್ದೇ ಖರೆ, ತಪ್ಪು ನಂದು ಅಂದಳು. ಗೀತಾಂಜಲಿ ಜಡೆಯ ತುದಿ ಹಿಡಿದುಕೊಂಡು ಕೇಳಿದಳು.

"ಹಂಗಾರ ಇನ್ನ ಟಾರ್ಚ್ ಬಿಟ್ಟು ನೋಡೂದಿಲ್ಲ?"

"ನೋಡ್ತೇನಿ," ಅಂದಳು ಬಸವೇಶ್ವರಿ. "ದಿನಾ ನೋಡ್ತೇನಿ."

ಆಮೇಲೆ ಎದ್ದು, ಔಷಧ ಎಂದು ಕೊಟ್ಟ ಒಂಟೆ ಸಕ್ಕರೆಯದೇ ಆಗಿತ್ತೆಂದು ಹೇಳಲು ಕಾಸಿಂಬಿಯ ಮನೆಗೆ ಹೋದಳು. ಅಲ್ಲಿ ಆದ ಮಾತು ಮೃದುವಾಗಿರಲಿಲ್ಲ, ಮೃದುವಾಗಿರಬೇಕಾಗಿಯೂ ಇರಲಿಲ್ಲ.

ಹಲ್ಲಿಗೆ ಡಾಕ್ಟರು ಸಿಮೆಂಟು ತುಂಬಿದ್ದಾರೆ. ಒಂದೂವರೆ ಕಿಲೋ ಪುಡಿ ದವಾಖಾನೆಯ ಕಪಾಟಿನಲ್ಲಿದೆ. ಆ ಹಲ್ಲು ಕೆಟ್ಟದ್ದು ಎರಡು ತಿಂಗಳ ಗೊಂಬೆಯಿಂದಲೋ, ಮೂಡುವಾಗಲೇ ಒಳಗೆ ಮೆತ್ತಗಿತ್ತೋ, ಡಾಕ್ಟರಿಗೂ ಹೇಳಲು ಬರಲಿಲ್ಲ. ಪಾಂಡಪ್ಪ ಒಂದು ಕಾಳು ಸಕ್ಕರೆ ಹಾಕದೆ, ಮುಕ್ಕಾದ ಆನೆಯನ್ನೇ ಕೊಟ್ಟಿದ್ದರೆ ಆ ಹಲ್ಲು ಉಳಿಯುತ್ತಿತ್ತೇ ಎಂದು ಕೇಳಿದ್ದಕ್ಕೆ, ಆ ಪುಡಿಯ ಮೇಲೆ ನಡೆದ ಕೆಲವು ಪರೀಕ್ಷೆಗಳು ಹೌದೆನ್ನುತ್ತವೆ, ಕೆಲವು ಅಷ್ಟು ಖಾತ್ರಿಯಿಂದ ಹೇಳುವುದಿಲ್ಲ ಅಂದರು. ಈ ಕಥೆ ಬರೆದವರಿಗೆ ಅದಕ್ಕಿಂತ ಹೆಚ್ಚು ಗೊತ್ತಿಲ್ಲ.