ಹಸಿರು ಕಾರಿನ ಅಚ್ಚು

ಶವದ ಗಾಡಿಗೆ ದಾರಿ ಮಾಡಿಕೊಡಲು ಅವರು ಕಾರುಗಳನ್ನು ತಳ್ಳುತ್ತಿದ್ದರು. ಓಣಿಯ ಉದ್ದಕ್ಕೂ ಕೆಂಪು, ನೀಲಿ, ಬಿಳಿ ಬಣ್ಣದ ತಗ್ಗು ಕಾರುಗಳು ನಿಂತಿದ್ದವು. ಬಣ್ಣ ಬೇರೆಯಾದರೂ ಎಲ್ಲದರ ಮೈಕಟ್ಟೂ ಒಂದೇ. ಕಪ್ಪು ಕೋಟಿನ ಗಂಡಸರು ಬೆನ್ನು ಬಗ್ಗಿಸಿ ಅವನ್ನು ಒಂದೊಂದಾಗಿ ಬೀಟ್ ಗೆಡ್ಡೆ ಸುರಿಯುವ ಸಿಮೆಂಟ್ ಕಟ್ಟೆಯ ಮೇಲಕ್ಕೆ ಏರಿಸುತ್ತಿದ್ದರು. ನವೆಂಬರಿನ ಕೆಸರು ಅವರ ಹಬ್ಬದ ಷೂಗಳನ್ನು ಕಚ್ಚಿ ಹಿಡಿಯುತ್ತಿತ್ತು.

“ಸಿರಿಲ್ ಬದುಕಿದ್ದಾಗ ಒಬ್ಬರನ್ನೂ ಕಾಯಿಸಿದೋನಲ್ಲ,” ಎಂದ ಪಕ್ಕದ ಹೊಲದ ಟೆಬ್, ಏದುಸಿರು ಬಿಡುತ್ತ.

“ಈಗ್ಲೂ ಅವ್ನು ಕಾಯಿಸ್ತಿಲ್ಲ ಮಾರಾಯ. ಅವ್ನೇ ಕಾಯ್ತಿದಾನೆ. ತಳ್ಳು,” ಎಂದ ಜೊತೆಯಲ್ಲಿ ತಳ್ಳುತ್ತಿದ್ದವ.

ಸಿರಿಲ್‌ನ ಹೆಂಡತಿ ಈನಿಡ್ ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಡನ ಅಣ್ಣನ ಕೋಟಿನ ಹೆಗಲ ಮೇಲಿನ ಧೂಳು ಕೊಡವುತ್ತಿದ್ದಳು. ಹೊರೇಸ್ ಪಾಸ್ಕ್‌ಗೆ ಎಪ್ಪತ್ತು ದಾಟಿತ್ತು. ಕಾರುಗಳಲ್ಲಿ ಬಂದವರೆಲ್ಲ ಅವನನ್ನು ಕಂಡೊಡನೆ ಟೋಪಿ ತೆಗೆಯುತ್ತಿದ್ದರು. ಅವರ ಕಾರುಗಳ ಮೈಯನ್ನು ಕೆತ್ತಿದವನು ಅವನೇ ಎಂಬುದು ಆ ಕಾರುಗಳ ಒಡೆಯರ ಕ್ಲಬ್ಬಿನಲ್ಲಿ ಎಲ್ಲರೂ ಬಲ್ಲ ಕತೆ.

“ಡಾಕ್ಟ್ರ ಮಗಳಿಗೆ ನಾನೇ ಹೇಳಿಕಳಿಸಿದೀನಿ,” ಎಂದಳು ಈನಿಡ್. “ಮುಂದಿನ ಬೆಂಚಲ್ಲೇ ಕೂತಿರ್ತಾಳೆ. ಇವತ್ತು ಹೇಳ್ಬೇಕು ನೀನು.”

“ಹೆಣದ ಮುಂದೆ ಅದೆಲ್ಲ ಯಾಕೆ?”

“ಹೆಣ ಆಗೋಕೆ ಮುಂಚೆ ನೀನು ಹೇಳ್ಲಿಲ್ವಲ್ಲ, ಅದಕ್ಕೆ.”

ಓಣಿ ತೆರವಾಗಿ, ಶವದ ಗಾಡಿ ನಿಧಾನವಾಗಿ ಒಳಗೆ ಬಂತು.

*

ಇಪ್ಪತ್ತೈದು ವರ್ಷದ ಹಿಂದಿನ ಚಳಿಗಾಲ. ಡಾಕ್ಟರ್ ಥೊರಾಲ್ಡ್ ತಮ್ಮ ಹಸಿರು ಕಾರನ್ನು ಪಾಸ್ಕ್ ಸಹೋದರರ ಶೆಡ್ಡಿನಲ್ಲಿ ಬಿಟ್ಟು ಹೋಗಿದ್ದರು. ಗೇಟಿಗೆ ತಾಗಿ ಅದರ ಹಿಂದಿನ ಎಡ ರೆಕ್ಕೆ, ಚಕ್ರದ ಮೇಲಿನ ಬಾಗಿದ ತಗಡು, ಜಜ್ಜಿತ್ತು. ಅಲ್ಯೂಮಿನಿಯಂ ಹಾಳೆಯನ್ನು ಕೈಯಿಂದಲೇ ಬಡಿದು ಮಾಡಿದ ಹಳೆಯ ಕಾಲದ ರೇಸಿನ ಕಾರು ಅದು. ಡಾಕ್ಟರ ಮಗ ಜೂಲಿಯನ್ ಅದನ್ನು ಓಡಿಸುತ್ತಿದ್ದ. ಅವನು ಸತ್ತ ಮೇಲೆ ಭಾನುವಾರ ಬೆಳಿಗ್ಗೆಗಳಲ್ಲಿ ಮಾತ್ರ ತಂದೆ ಅದನ್ನು ಚರ್ಚಿನವರೆಗೆ ತರುತ್ತಿದ್ದರು.

ಅದುವರೆಗೆ ಸಹೋದರರು ಮಾಡುತ್ತಿದ್ದುದು ಹೊಲಕ್ಕೆ ಔಷಧ ಹೊಡೆಯುವ ಫೈಬರ್‌ಗ್ಲಾಸ್ ತೊಟ್ಟಿಗಳನ್ನು. ಮಾದರಿಯ ಮೈಮೇಲೆ ಮೇಣ ಉಜ್ಜಬೇಕು, ಮೇಣದ ಮೇಲೆ ಅಂಟು ಬಿಡಿಸುವ ನೀಲಿ ದ್ರವ ಬಳಿದು ಪೊರೆಯಾಗಿ ಒಣಗಿಸಬೇಕು, ಆಮೇಲೆ ರಾಳ, ಗಾಜಿನೆಳೆಯ ಹಾಸು, ಮತ್ತೆ ರಾಳ. ಗಟ್ಟಿಯಾದ ಮೇಲೆ ಬಿಡಿಸಿದರೆ ಅಚ್ಚು. ಅದರಿಂದ ಎಷ್ಟು ಮೈ ಬೇಕಾದರೂ ತೆಗೆಯಬಹುದು. ಕಾರನ್ನು ನೋಡಿದ ದಿನವೇ ಹೊರೇಸ್‌ಗೆ ಈ ಯೋಚನೆ ಬಂತು. ಕೇಳಿ ಮಾಡೋಣ ಎಂದ ಸಿರಿಲ್. ಕೇಳಿದರೆ ಬೇಡ ಅಂತಾರೆ ಎಂದ ಹೊರೇಸ್. ಹಾಗಾದರೆ ಬೇಡ ಎಂದು ಸಿರಿಲ್ ತಲೆಯಾಡಿಸಿ, ಬೇಲಿ ಕಟ್ಟಲು ಹೊಲಕ್ಕೆ ಹೋದ.

ಸರಿಮಾಡಿದ ರೆಕ್ಕೆಗೆ ಬಳಿದ ಹೊಸ ಬಣ್ಣ ಇನ್ನೂ ಒಳಗೊಳಗೆ ಹಸಿಯಾಗಿತ್ತು. ಶೆಡ್ಡಿನ ಚಳಿಗೆ ನೀಲಿ ಪೊರೆಯೂ ಒಣಗಲಿಲ್ಲ. ಡಾಕ್ಟರು ಬಂದುಬಿಡುವ ಮೊದಲೇ ಮುಗಿಸಬೇಕೆಂದು ಹೊರೇಸ್ ಒಬ್ಬನೇ, ಕಾಯದೆ, ಕಾರಿನ ಮೇಲೆ ರಾಳ ಸುರಿದ. ರಾಳ ಬಣ್ಣವನ್ನು ಕಚ್ಚಿತು. ಬಿಡಿಸಹೋದರೆ ಮಿಕ್ಕದ್ದೆಲ್ಲ ಬಿಟ್ಟರೂ ರೆಕ್ಕೆ ಬಿಡಲಿಲ್ಲ. ಅವನು ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದ. ಅಲ್ಯೂಮಿನಿಯಂ ಬಟ್ಟೆಯಂತೆ ಹರಿಯಿತು.

ಡಾಕ್ಟರು ಬಂದಾಗ ಸಹೋದರರಿಬ್ಬರೂ ಅಲ್ಲೇ ಇದ್ದರು. ಯಾರ ಕೆಲಸ ಇದು ಎಂದರು ಅವರು. ಹೊಲದ ಗೇಣಿ ಹೊರೇಸ್ ಹೆಸರಿನಲ್ಲಿತ್ತು, ಹೊಲ ಡಾಕ್ಟರದು, ಒಳಗೆ ಮನೆಯಲ್ಲಿ ತಾಯಿ ಹಾಸಿಗೆ ಹಿಡಿದಿದ್ದಳು. ಹೊರೇಸ್ ನೆಲ ನೋಡಿದ. ಸಿರಿಲ್ ಅಣ್ಣನತ್ತ ಒಮ್ಮೆ ನೋಡಿ, ನಾನೇ ಎಂದ.

ಅಚ್ಚನ್ನು ಒಡೆದು ಕಾಲುವೆಗೆ ಎಸೆದೆವೆಂದು ಹೊರೇಸ್ ಊರಿಗೆ ಹೇಳಿದ. ವರ್ಷ ಕಳೆದು ಮೊದಲ ಕಾರು ಹೊರಗೆ ಬಂದಾಗ, ಪ್ಲಾಸ್ಟರಿನಲ್ಲಿ ತಾನೇ ಕೆತ್ತಿದೆನೆಂದ. ಗೇಣಿ ಉಳಿಯಿತು. ಸತ್ತ ಹುಡುಗನ ಕಾರನ್ನು ಹಾಳುಮಾಡಿದವ ಎಂಬ ಹೆಸರು ಸಿರಿಲ್‌ಗೆ ಅಂಟಿಕೊಂಡಿತು. ಚರ್ಚಿನ ಗಂಟೆ ಹೊಡೆಯುವವರು ಅವನು ಎಳೆಯುತ್ತಿದ್ದ ಹಗ್ಗವನ್ನು ಬೇರೆಯವನಿಗೆ ಕೊಟ್ಟರು. ಅವನೂ ಊರಿನ ದವಾಖಾನೆಯ ಮೆಟ್ಟಿಲು ಮತ್ತೆ ತುಳಿಯಲಿಲ್ಲ. ಹಳೆಯ ಡಾಕ್ಟರು ತೀರಿಕೊಂಡು ಹೊಸಬರು ಬಂದರೂ ತುಳಿಯಲಿಲ್ಲ. ರಾಳದ ಘಾಟು, ಗಾಜಿನ ಪುಡಿ ಕುಡಿದ ಎದೆ ಶಿಳ್ಳೆ ಹೊಡೆಯತೊಡಗಿದಾಗ ಈನಿಡ್ ಅತ್ತು ಕರೆದಳು. ಅಲ್ಲಿ ಕೂತವರೆಲ್ಲ ನನ್ನ ಮುಖಾನೇ ನೋಡ್ತಾರೆ ಕಣೇ ಎಂದ. ಕೊನೆಗೆ ಅವನನ್ನು ಆಸ್ಪತ್ರೆಗೆ ಎತ್ತಿಕೊಂಡೇ ಹೋಗಬೇಕಾಯಿತು.

*

ಚರ್ಚಿನಲ್ಲಿ ಪಾದ್ರಿ ಕೂತ ಮೇಲೆ ಹೊರೇಸ್ ಎದ್ದ. ಮುಂದಿನ ಬೆಂಚಿನಲ್ಲಿ ಮಿಸ್ ಥೊರಾಲ್ಡ್ ನೆಟ್ಟಗೆ ಕೂತಿದ್ದಳು, ಬಿಳಿ ಕೂದಲು, ಕೈಗವುಸು. ಹೊರೇಸ್ ಅವಳನ್ನು ನೋಡಿದ, ಶವಪೆಟ್ಟಿಗೆಯನ್ನು ನೋಡಿದ. ಕೆಮ್ಮಿ ಗಂಟಲು ಸರಿಮಾಡಿಕೊಂಡ.

“ನಿಮ್ಮ ಕಾರುಗಳ ಮೈ ಕೆತ್ತಿದೋನು ನಾನು ಅಂತ ನೀವೆಲ್ಲ ತಿಳ್ಕೊಂಡಿದೀರಿ. ನಾನಲ್ಲ.”

ಈನಿಡ್ ಉಸಿರು ಹಿಡಿದಳು.

“ಕೆತ್ತಿದ್ದು ಸಿರಿಲ್. ಎರಡು ಚಳಿಗಾಲ ಕೂತು, ಪ್ಲಾಸ್ಟರಿನಲ್ಲಿ, ಬರೀ ಕಣ್ಣಳತೆ ಮೇಲೆ. ಹೆಸರು ನಾನು ತಗೊಂಡೆ. ಇವತ್ತು ಅವ್ನಿಗೆ ವಾಪಸ್ ಕೊಡ್ತಿದೀನಿ.”

ಹಿಂದೆ ಯಾರೋ ಮೂಗು ಒರೆಸಿಕೊಂಡರು. ಕ್ಲಬ್ಬಿನವರ ನಡುವೆ ಮೆಚ್ಚುಗೆಯ ಗುಜುಗುಜು ಹಬ್ಬಿತು. ಈನಿಡ್ ಮಾತ್ರ ಕಲ್ಲಾಗಿ ಕೂತಳು. ಅಂದು ಹೊರೇಸ್ ತನ್ನ ಕಳ್ಳತನವನ್ನು ತಮ್ಮನ ಹೆಗಲಿಗೆ ಹೊರಿಸಿದ್ದ. ಇಂದು ತನ್ನ ಸುಳ್ಳನ್ನೂ ಅವನಿಗೇ ಹಾರ ಮಾಡಿ ಹಾಕಿದ್ದ.

ಮಣ್ಣು ಮಾಡಿ ಬಂದ ಮೇಲೆ ಹ್ಯಾಮ್ ಸ್ಯಾಂಡ್‌ವಿಚ್, ಚಹಾ. ಒಳಗೆ ಜಾಗ ಸಾಲದೆ ಕ್ಲಬ್ಬಿನವರು ಕಪ್ಪು ಹಿಡಿದು ಕಟ್ಟೆಯ ಮೇಲೆ ತಮ್ಮ ಕಾರುಗಳಿಗೆ ಒರಗಿ ನಿಂತಿದ್ದರು. ಒಬ್ಬ ಬಂದು ಹೊರೇಸ್‌ನ ಕೈ ಕುಲುಕಿ, ನಿಮ್ಮದು ದೊಡ್ಡ ಮನಸ್ಸು ಎಂದ. ಈನಿಡ್ ನಡುವೆ ಬಂದು ಹೊರೇಸ್‌ನ ತೋಳು ಹಿಡಿದಳು. ಇನ್ನೊಂದು ಕೈಯಿಂದ ಮಿಸ್ ಥೊರಾಲ್ಡ್‌ಳನ್ನು ಕರೆದಳು.

“ಒಂದ್ನಿಮಿಷ ಶೆಡ್ಡಿಗೆ ಬನ್ನಿ ಅಮ್ಮ. ನಿಮಗೊಂದು ತೋರಿಸ್ಬೇಕು.”

ಅಚ್ಚು ಮರದ ಚೌಕಟ್ಟಿನಲ್ಲಿ ಅಂಗಾತ ಮಲಗಿತ್ತು, ನೀರಿಳಿದ ದೋಣಿಯ ಹಾಗೆ. ಈನಿಡ್ ಗೋಣಿ ಸರಿಸಿದಳು. ಹಿಂದಿನ ಎಡ ರೆಕ್ಕೆಯ ಟೊಳ್ಳಿನ ಅಂಚಿನಲ್ಲಿ, ಎಷ್ಟು ಉಜ್ಜಿದರೂ ಹೋಗದ ಹಸಿರು ಬಣ್ಣದ ಚಕ್ಕೆಗಳು ಇನ್ನೂ ಅಂಟಿಕೊಂಡಿದ್ದವು.

ಮಿಸ್ ಥೊರಾಲ್ಡ್ ಬಹಳ ಹೊತ್ತು ನೋಡಿದಳು. “ಕಾಲುವೆಗೆ ಎಸೆದ್ವಿ ಅಂದಿದ್ರಿ.”

ಹೊರೇಸ್ ಗೋಣಿಯ ತುದಿ ಮಡಿಚತೊಡಗಿದ.

“ಅಪ್ಪ ಆ ಕಾರನ್ನ ಮತ್ತೆ ರಿಪೇರಿ ಮಾಡಿಸ್ಲಿಲ್ಲ. ಕಣ್ಣಿಂದ ನೋಡಕ್ಕಾಗಲ್ಲ ಅಂತ ಗುಜರಿಗೆ ಹಾಕಿಬಿಟ್ರು.” ಅವಳು ಕೈಗವುಸು ತೆಗೆದು ಬಾಗಿ ಟೊಳ್ಳಿನೊಳಗೆ ಕೈಯಾಡಿಸಿದಳು. ಕಾರಿನ ಬಾಗಿಲು ಬರುವ ಜಾಗದ ಬಳಿ ಬೆರಳು ನಿಂತಿತು. “ಜೂಲಿಯನ್ ಇಲ್ಲೇ ಕೂತು ಷೂ ಹಾಕ್ಕೊಳ್ತಿದ್ದ. ಕೂತೂ ಕೂತೂ ತಗ್ಗಾಗಿತ್ತು.”

ಕಾರಿನಲ್ಲಿ ತಗ್ಗಾಗಿದ್ದದ್ದು ಅಚ್ಚಿನಲ್ಲಿ ಉಬ್ಬಾಗಿತ್ತು.

“ಹೊರಗಿರೋ ಎಲ್ಲಾ ಕಾರಲ್ಲೂ ಆ ತಗ್ಗಿದೆ,” ಎಂದ ಹೊರೇಸ್. ಅವನ ದನಿ ಕುಗ್ಗಿತ್ತು. “ಸಿರಿಲ್ ಅದನ್ನ ತುಂಬಿ ಮಟ್ಟ ಮಾಡೋಕೆ ಬಿಡ್ಲೇ ಇಲ್ಲ. ಅವನಲ್ಲ ಅಮ್ಮ ಮಾಡಿದ್ದು. ಅವ್ನು ಬೇಡ ಅಂದ. ರಾಳ ಸುರಿದೋನು ನಾನು. ಉಳಿ ಹೊಡೆದೋನೂ ನಾನೇ.”

ಮಿಸ್ ಥೊರಾಲ್ಡ್ ತಲೆ ಎತ್ತಲಿಲ್ಲ. ಆ ಉಬ್ಬಿನ ಮೇಲಿಂದ ಕೈಯನ್ನೂ ತೆಗೆಯಲಿಲ್ಲ.

“ಇಲ್ಲಿ ಹೇಳಿದ್ದು ಸಾಲದು ಹೊರೇಸ್,” ಎಂದಳು ಈನಿಡ್. “ನನಗೆ ಮೊದ್ಲೇ ಗೊತ್ತಿತ್ತು. ಹೋಗು, ಅಲ್ಲಿ ಹೇಳು.”

“ಅವ್ರೆಲ್ಲ ಈ ಕಾರುಗಳ ಮೇಲೆ ಜೀವ ಇಟ್ಕೊಂಡಿದಾರೆ ಈನಿಡ್.”

“ಸಿರಿಲ್‌ಗೂ ಒಂದು ಜೀವ ಇತ್ತು.”

ಹೊರೇಸ್ ಬಾಗಿಲ ಚೌಕಟ್ಟು ಹಿಡಿದು ನಿಂತ. ಆಮೇಲೆ ಹೊರಟ. ಕೆಸರಿನಲ್ಲಿ ನೋಡಿ ನೋಡಿ ಕಾಲಿಡುತ್ತ ಕಟ್ಟೆಯ ಮೇಲೆ ಹತ್ತಿದ.

ಗಾಳಿ ಅತ್ತ ಬೀಸುತ್ತಿದ್ದುದರಿಂದ ಅವನ ಮಾತು ಈನಿಡ್‌ಗೆ ಕೇಳಿಸಲಿಲ್ಲ. ಕಂಡದ್ದಿಷ್ಟೇ. ಮೊದಲು ಇಬ್ಬರು ನಕ್ಕರು. ಹೊರೇಸ್ ನಗಲಿಲ್ಲ. ಅವನು ಒಂದು ಕೆಂಪು ಕಾರಿನ ಬಾಗಿಲ ಬಳಿ ಬಾಗಿ ಆ ತಗ್ಗನ್ನು ತೋರಿಸಿದ. ಟೆಬ್ ತೆರೆದ ಬಾಯಿ ಮುಚ್ಚದೆ ಶೆಡ್ಡಿನ ಕಡೆ ತಿರುಗಿದ. ಕಾರಿಗೆ ಒರಗಿದ್ದವರು ಒಬ್ಬೊಬ್ಬರಾಗಿ ನೆಟ್ಟಗೆ ನಿಂತು, ಒಂದು ಹೆಜ್ಜೆ ಹಿಂದೆ ಸರಿದು, ತಮ್ಮ ತಮ್ಮ ಕಾರನ್ನು ನೋಡಿದರು. ಒಬ್ಬ, ತನ್ನ ಬಾನೆಟ್ಟಿನ ಮೇಲಿಟ್ಟಿದ್ದ ಚಹಾದ ಕಪ್ಪನ್ನು ಸದ್ದಾಗದಂತೆ ಎತ್ತಿಕೊಂಡು, ಕೆಳಗುಳಿದ ಒದ್ದೆಯ ಉಂಗುರವನ್ನು ಕೋಟಿನ ತೋಳಿನಿಂದ ಒರೆಸಿದ.