ಸಾಕ್ಷಿಯ ಸಹಿ

ಮರಣ ಪ್ರಮಾಣಪತ್ರಕ್ಕೆ ಅಪ್ಪನ ಆಧಾರ್ ಬೇಕೆಂದು ವಂದನಾ ಬೀರು ಕೆದಕುತ್ತಿದ್ದಳು. ಮೊದಲು ಸಿಕ್ಕಿದ್ದು ಹಾವಿನ ಪೊರೆ, ಆಮೇಲೆ ಬಿಸ್ಕತ್ತಿನ ಡಬ್ಬಿಯಲ್ಲಿ ಗೂಬೆಯ ಗರಿಗಳು. ಅಪ್ಪ ಹರಿಹರ, ಊರಿನ ನಿಸರ್ಗ ಚರಿತ್ರೆಯ ಮ್ಯೂಸಿಯಂನಲ್ಲಿ ಮೂವತ್ತೊಂದು ವರ್ಷ ಶಾಲಾ ಮಕ್ಕಳ ಕಾರ್ಯಕ್ರಮ ನಡೆಸಿದವರು. ನಿವೃತ್ತಿಯಾದ ಮೇಲೂ ಶನಿವಾರ ತಪ್ಪಿಸಿದವರಲ್ಲ. ಇಂದು ಶನಿವಾರವೇ, ಬೆಳಗಿನ ಐದಕ್ಕೆ ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು.

ಆಧಾರ್ ಕೊನೆಗೆ ಹಸಿರು ಫೈಲಿನಲ್ಲಿ ಸಿಕ್ಕಿತು. ಅದರ ಹಿಂದೆ ಇನ್ನೊಂದು ಹಾಳೆಯಿತ್ತು. ಸತ್ತ ಮೇಲೆ ದೇಹವನ್ನು ವೈದ್ಯಕೀಯ ಕಾಲೇಜಿಗೆ ಕೊಡುತ್ತೇನೆಂಬ ಫಾರಂ. ಕೆಳಗೆ ಹರಿಹರರ ಸಹಿ, ಪಕ್ಕದಲ್ಲಿ ಸಾಕ್ಷಿಯಾಗಿ ಅಮ್ಮ ಜಲಜಾಳ ಸಹಿ.

ಹೊರಗೆ ಶಾಮಿಯಾನದ ಕೆಳಗೆ, ಹರಿಹರರನ್ನು ಮಲಗಿಸಿದ್ದ ಫ್ರೀಜರ್ ಪೆಟ್ಟಿಗೆಯ ಬಳಿ, ಅವರ ಅಣ್ಣ ಜಯರಾಮ ಪುರೋಹಿತರೊಂದಿಗೆ ಫೋನಿನಲ್ಲಿದ್ದರು. ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು, ಅವರ ಪಾಲಿಗೆ ಹೆಣವಾದರೂ ಹೊತ್ತಿಗೆ ಸರಿಯಾಗಿ ಹೊರಡಬೇಕು. ತಾಂಬರಂ ಸ್ಮಶಾನದಲ್ಲಿ ಹನ್ನೆರಡು ಗಂಟೆಗೆ ಗೊತ್ತು ಮಾಡಿದ್ದರು. ವಂದನಾ ಕೊಟ್ಟ ಫಾರಂ ಓದಿ ತಮ್ಮನ ಹೆಂಡತಿಯತ್ತ ತಿರುಗಿದರು.

"ನೀನೂ ಸೈನ್ ಹಾಕಿದ್ದೀಯಲ್ಲಮ್ಮ."

"ಹಾಕಿದ್ದೀನಿ ಭಾವ. ಏನೂಂತ ಗೊತ್ತಿರ್ಲಿಲ್ಲ."

ಅದು ನಿಜವೇ. ಆ ಮನೆಗೆ ವಾರಕ್ಕೊಂದು ಫಾರಂ ಬರುತ್ತಿತ್ತು. ಚಿಟ್ಟೆ ಶಿಬಿರ, ಕಪ್ಪೆಚಿಪ್ಪಿನ ಕಾರ್ಯಾಗಾರ, ಬೇಸಿಗೆ ರಜೆಯ ಚಿತ್ರಸ್ಪರ್ಧೆ. ಜನ ಸಿಗದಾಗ ಹರಿಹರ ಸಾಕ್ಷಿ, ಮೇಲ್ವಿಚಾರಕಿ, ತೀರ್ಪುಗಾರ್ತಿ ಎಲ್ಲಕ್ಕೂ ಹೆಂಡತಿಯನ್ನೇ ಹಿಡಿಯುತ್ತಿದ್ದರು. ಜಲಜಾ ಒಲೆಯ ಮೇಲಿನ ಹಾಲು ನೋಡುತ್ತ, "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಛೇಡಿಸುತ್ತ, ಗಂಡ ಬೆರಳಿಟ್ಟ ಕಡೆ ಸಹಿ ಗೀಚುತ್ತಿದ್ದಳು. ಚಿಟ್ಟೆ ಶಿಬಿರವೆಂದುಕೊಂಡು ಗಂಡನ ದೇಹಕ್ಕೂ ಸಹಿ ಹಾಕಿಕೊಟ್ಟಿದ್ದಳು.

ಹಾರ ತಂದಿದ್ದ ಕೌಸಲ್ಯಾ ಈಗ ಮ್ಯೂಸಿಯಂನಲ್ಲಿ ಹರಿಹರರ ಕೆಲಸ ನೋಡಿಕೊಳ್ಳುವವಳು. ಅವಳು ಕಾಲೇಜಿಗೆ ಫೋನ್ ಮಾಡಿ ವಿಚಾರಿಸಿದಳು. ಹಳೆಯ ಸಹಿ ಸಾಕಾಗುವುದಿಲ್ಲವಂತೆ, ಹೆಂಡತಿ ಇವತ್ತು ಇನ್ನೊಮ್ಮೆ ಒಪ್ಪಬೇಕಂತೆ. ವ್ಯಾನ್ ಕಳಿಸುತ್ತಾರೆ, ಬೇಡವೆಂದರೆ ಖಾಲಿ ವಾಪಸಾಗುತ್ತದೆ, ಯಾರೂ ಏನೂ ಅನ್ನುವುದಿಲ್ಲ.

ಜಯರಾಮ ದನಿ ಏರಿಸಲಿಲ್ಲ. ತಾನು ಹೆಗಲ ಮೇಲೆ ಹೊತ್ತು ಪೆರಂಬೂರಿನ ಶಾಲೆಗೆ ಬಿಟ್ಟುಬಂದ ಹುಡುಗ, ಅವನಿಗೆ ಬೆಂಕಿ ಕಾಣಿಸದೆ ಕಳಿಸುವುದೇ ಎಂದರು. "ಮೇಜಿನ ಮೇಲೆ ಮಲಗಿಸಿ..." ಎಂದು ಶುರುಮಾಡಿ ಮುಂದೆ ಹೇಳಲಾರದೆ ಹೋದರು. ಜಲಜಾ ಅವರ ಕೈಯಿಂದ ಫಾರಂ ತೆಗೆದುಕೊಂಡು ಅದರ ತಾರೀಖು ನೋಡಿದಳು. ಹನ್ನೊಂದು ವರ್ಷದ ಹಿಂದಿನ ಜುಲೈ.

* * *

ಆ ಜುಲೈನಲ್ಲಿ ಗಂಡ ಮರೆತ ಕನ್ನಡಕ ಕೊಡಲು ಅವಳು ಎಲೆಕ್ಟ್ರಿಕ್ ಟ್ರೈನ್ ಹತ್ತಿ ಮ್ಯೂಸಿಯಂಗೆ ಹೋಗಿದ್ದಳು. ಎಣ್ಣೂರಿನ ಶಾಲೆಯೊಂದರ ಮಕ್ಕಳು ಬಂದಿದ್ದರು. ಹರಿಹರ ತಿಮಿಂಗಿಲದ ಪಕ್ಕೆಲುಬು, ಆನೆಯ ದವಡೆ ಎಲ್ಲ ಮುಟ್ಟಿಸುತ್ತ, ಯಾವುದು ಯಾವ ತೀರದಿಂದ ಬಂತು, ಯಾವ ಕಾಡಿನಿಂದ, ಯಾವ ವರ್ಷ ಎಂದು ಹೇಳುತ್ತ ನಡೆದರು. ಕೊನೆಯಲ್ಲಿ ಗಾಜಿನ ಕಪಾಟಿನೊಳಗೆ ಮನುಷ್ಯನ ಅಸ್ಥಿಪಂಜರ.

ಎರಡು ಜಡೆಯ ಹುಡುಗಿಯೊಬ್ಬಳು ಇವರು ಯಾರು ಎಂದು ಕೇಳಿದಳು. ಗೊತ್ತಿಲ್ಲಮ್ಮ, ಬಹಳ ಹಳೆಯದು ಎಂದರು ಹರಿಹರ. ಅವಳು ಬಿಡಲಿಲ್ಲ. ಇವರನ್ನು ಕೇಳಿ ತಂದಿರಾ ಎಂದಳು. ಟೀಚರ್ ಗದರಿದರು, ಉಳಿದ ಮಕ್ಕಳು ನಕ್ಕರು. ಗಂಟೆಗಟ್ಟಲೆ ಮಾತಾಡುವ ಮನುಷ್ಯ ಅಂದು ಕಾರ್ಯಕ್ರಮವನ್ನು ಅಲ್ಲಿಗೇ ಮುಗಿಸಿಬಿಟ್ಟರು.

ವಾಪಸಾಗುವಾಗ ಟ್ರೈನು ಗಿಂಡಿ ಸ್ಟೇಷನ್ ದಾಟಿದ ಮೇಲೆ, "ಯಾರೂ ಕೇಳಿರಲ್ಲ ಕಣೆ. ಯಾರೋ ಬಡವರ ಹೆಣ, ಯಾರು ಕೇಳ್ತಾರೆ?" ಎಂದರು. ಆ ವಾರವಿಡೀ ಊಟ ಸರಿಯಾಗಿ ಮಾಡಲಿಲ್ಲ.

* * *

ಬೆಳಗಿನಿಂದ ಅಳದಿದ್ದ ಜಲಜಾ ಈಗ ಅತ್ತಳು. ಅದರಲ್ಲಿ ಸಿಟ್ಟೇ ಹೆಚ್ಚಿತ್ತು.

"ಯಾರೋ ಹೆಸರಿಲ್ಲದೋರನ್ನ ಕೇಳ್ಲಿಲ್ಲ ಅಂತ ಊಟ ಬಿಟ್ಟೋರು, ನನ್ನ ಒಂದು ಮಾತು ಕೇಳಿದ್ರಾ? ಬೆರಳಿಟ್ಟು ತೋರಿಸಿದ್ರು, ನಾನೂ ಹಾಕ್ದೆ."

ಬೇಡ ಅಂದುಬಿಡು, ಯಾರೂ ತಪ್ಪು ತಿಳಿಯುವುದಿಲ್ಲ ಎಂದಳು ವಂದನಾ. ಜಲಜಾ ಪೆಟ್ಟಿಗೆಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕುಳಿತಳು. ಗೇಟಿನ ಬಳಿಯಿದ್ದ ಮೊಮ್ಮಗಳು ಶ್ರೀಯಾ ತಮಿಳಿನಲ್ಲೇ, "ಅಜ್ಜಿ, ವಂಡಿ ವಂದಾಚ್ಚು" ಎಂದಳು. ವ್ಯಾನ್ ಬಂದು ನಿಂತಿತ್ತು.

ಜಲಜಾ ಸೆರಗಿನಿಂದ ಮುಖ ಒರೆಸಿಕೊಂಡು ಜಯರಾಮರನ್ನು ಕರೆದಳು.

"ಭಾವ, ದೇಹ ಇಲ್ದೆ ಇದ್ರೆ ದರ್ಭೆಲಿ ಬೊಂಬೆ ಮಾಡಿ ಸಂಸ್ಕಾರ ಮಾಡ್ತಾರಂತಲ್ಲ. ಪುರೋಹಿತರನ್ನ ಒಂದ್ಸಲ ಕೇಳ್ತೀರಾ?"

ಜಯರಾಮ ತಮ್ಮನ ಮುಖವನ್ನೇ ನೋಡುತ್ತ ನಿಂತರು. ಕೊನೆಗೆ, ಕೇಳುತ್ತೇನೆ ಎಂದು ತಲೆಯಾಡಿಸಿದರು.

ಕಾಲೇಜಿನವನು ತಂದ ಫಾರಂ ನಾಲ್ಕು ಪುಟದ್ದು, ಪೂರ್ತಿ ತಮಿಳು. ಕೌಸಲ್ಯಾ ಪೆನ್ನು ಕೊಟ್ಟು, ಕೊನೆಯ ಪುಟ ತೆರೆದು, ಇಲ್ಲಿ ಎಂದು ಬೆರಳಿಟ್ಟಳು. ಜಲಜಾ ಆ ಬೆರಳನ್ನು ಮೆಲ್ಲಗೆ ಸರಿಸಿದಳು. ಹಾಳೆಗಳನ್ನು ಪೆಟ್ಟಿಗೆಯ ಗಾಜಿನ ಮೇಲೆ, ಗಂಡನ ಎದೆಯ ನೇರಕ್ಕೆ ಹರಡಿ, ಮೊದಲ ಪುಟದ ಮೊದಲ ಸಾಲಿನಿಂದ ಅಕ್ಷರ ಕೂಡಿಸಿ ಓದತೊಡಗಿದಳು. ಡ್ರೈವರ್ ಎಂಜಿನ್ ಆಫ್ ಮಾಡಿದ. ಎರಡನೇ ಪುಟಕ್ಕೆ ಬರುವ ಹೊತ್ತಿಗೆ ಶಾಮಿಯಾನದ ಅಂಚಿನಿಂದ ಬಿಸಿಲು ಗಾಜಿನ ಮೇಲೆ ಬಿದ್ದು ಕಣ್ಣು ಕೋರೈಸಿತು. ಜಯರಾಮ ಹೆಗಲ ಮೇಲಿನ ಟವೆಲ್ ಬಿಡಿಸಿ, ಎರಡು ಕೈಯಲ್ಲೂ ಅಗಲಿಸಿ ಹಿಡಿದು, ಹಾಳೆಗೆ ನೆರಳು ಮಾಡಿ ನಿಂತರು.